ಅಪ್ಪಾಜಿಯ ಎಡಗಣ್ಣು ಚೆನ್ನಾಗಿದೆ

ಮ್ಯಾಂಚೆಸ್ಟರ್,
ಭಾನುವಾರ ರಾತ್ರಿ

ಪ್ರೀತಿಯ ಅವ್ವ,

ನಾನು ಚೆನ್ನಾಗಿದ್ದೇನೆ. ಇವತ್ತು ವಿಡಿಯೋ ಕಾಲ್‌ನಲ್ಲಿ ಅಪ್ಪಾಜಿ ಮಂಡಕ್ಕಿ ತಿನ್ನುವುದನ್ನೇ ನೋಡುತ್ತಿದ್ದೆ. ತಟ್ಟೆಯ ಬಲಗಡೆ ಖಾಲಿ. ಎಡಗಡೆ ಮಿರ್ಚಿ ಹಾಗೇ ಇತ್ತು. ‘ಮಿರ್ಚಿ ಯಾಕ್ ಬಿಟ್ರಿ’ ಅಂತ ನೀನು ಕೇಳಿದೆ. ‘ಎಲ್ಲಿ ಹಾಕಿದೀಯ’ ಅಂದರು. ನನಗೆ ಗಂಟಲು ಕಟ್ಟಿತು. ಅದಕ್ಕೇ ಬರೆಯುತ್ತಿದ್ದೇನೆ. ತಮ್ಮನಿಗೂ ಓದಿ ಹೇಳು.

ಎಡಗಣ್ಣು ಮಂಜಾಗಿದೆ ಅಂತ ಎರಡು ಸಲ ಕನ್ನಡಕ ಬದಲಿಸಿದಿರಿ. ಮೂರನೇದು ಬೇಡ. ಸ್ಟ್ರೋಕ್ ಆದರೂ ಕೈಕಾಲು ಬಿದ್ದುಹೋಗಲಿಲ್ಲ ಅಂತ ನಾವೆಲ್ಲ ಸಮಾಧಾನ ಮಾಡಿಕೊಂಡೆವು, ಅಲ್ವಾ? ಪೆಟ್ಟು ಬಿದ್ದಿದ್ದು ಮೆದುಳಿನ ಹಿಂಭಾಗಕ್ಕೆ, ಬಲಗಡೆ. ಕಣ್ಣು ತಂದುಕೊಟ್ಟದ್ದನ್ನು ನೋಡುವುದು ಆ ಜಾಗವೇ. ಎರಡೂ ಕಣ್ಣಿನ ನರಗಳು ತಲೆಯೊಳಗೆ ಒಂದು ಕಡೆ ಕೂಡುತ್ತವೆ. ಅಲ್ಲಿ ಸುಮಾರು ಅರ್ಧ ಎಳೆಗಳು ಆಚೆಯಿಂದ ಈಚೆಗೆ ದಾಟುತ್ತವೆ. ಹಾಗಾಗಿ ಎಡಗಡೆ ಇರುವುದೆಲ್ಲ, ಯಾವ ಕಣ್ಣಿಗೆ ಬಿದ್ದರೂ, ಬಲ ಮೆದುಳಿಗೇ ಹೋಗುತ್ತದೆ. ಅಪ್ಪಾಜಿ ಯಾವ ಕಣ್ಣು ಮುಚ್ಚಿಕೊಂಡರೂ ಎಡಗಡೆಯ ಅರ್ಧ ಕಾಣುವುದಿಲ್ಲ.

ಅಪ್ಪಾಜಿಗೆ ಯುದ್ಧದ ಕತೆ ಇಷ್ಟ. ಇದನ್ನು ಹೇಳು. 1904-05ರ ರಷ್ಯಾ-ಜಪಾನ್ ಯುದ್ಧದಲ್ಲಿ ತಲೆಗೆ ಗುಂಡು ಬಿದ್ದು ಬದುಕಿದ ಸೈನಿಕರನ್ನು ತತ್ಸುಜಿ ಇನೊಯೆ ಎಂಬ ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿದರು. ಗುಂಡು ಎಲ್ಲಿ ಹೊಕ್ಕು ಎಲ್ಲಿ ಹೊರಬಂತು ಅಂತ ಅಳೆದರು. ಮೆದುಳಿನ ಯಾವ ಜಾಗಕ್ಕೆ ಏಟಾದರೆ ನೋಟದ ಯಾವ ಭಾಗ ಹೋಗುತ್ತದೆ ಅಂತ ಕಂಡುಹಿಡಿದರು.

ಕಾಣದ ಕಡೆ ಕತ್ತಲೆ ಇರುತ್ತದಾ ಅಂದರೆ ಅದೂ ಇಲ್ಲ. ನಮ್ಮ ಬೆನ್ನ ಹಿಂದಿನದು ನಮಗೆ ಕಾಣದೆ ಇರುವ ಹಾಗೆ, ಸುಮ್ನೆ ಇಲ್ಲ ಅಷ್ಟೇ. ಅದಕ್ಕೇ ಬಾಗಿಲಿಗೆ ಭುಜ ಬಡಿದಾಗ ‘ನೋಡ್ಕೊಂಡು ನಡೀರಿ’ ಅಂತ ರೇಗಬೇಡ ಅವ್ವ. ನೋಡಿಕೊಂಡೇ ನಡೆಯುತ್ತಿದ್ದಾರೆ.

ನನ್ನ ವಾರ್ಡಿನಲ್ಲಿ ಇಂಥವರಿಗೆ ಕಲಿಸುವುದು ಒಂದೇ: ಕಣ್ಣನ್ನು ಮತ್ತೆ ಮತ್ತೆ ಎಡಕ್ಕೆ ಹೊರಳಿಸುವುದು. ಪೇಪರ್ ಓದುವಾಗ ಅವರಿಗೆ ಸಾಲಿನ ಮೊದಲೇ ಸಿಗುವುದಿಲ್ಲ. ಎಡ ಅಂಚಿನಲ್ಲಿ ಕೆಂಪು ಪಟ್ಟಿಯೊಂದನ್ನು ಇಡು. ಕೆಂಪು ಕಾಣುವ ತನಕ ಕಣ್ಣು ಹೊರಳಿಸಿ, ಆಮೇಲೆ ಓದಲಿ. ಕುಂದವಾಡ ಕೆರೆಗೆ ವಾಕಿಂಗ್ ಹೋದಾಗ ತಮ್ಮ ಅವರ ಎಡಗಡೆ ನಡೆಯಲಿ. ಸ್ಕೂಟರಿನ ಕೀಲಿ ಮಾತ್ರ ಎತ್ತಿಡು, ಎಷ್ಟು ಬೈದರೂ ಕೊಡಬೇಡ. ಇಲ್ಲಿಯೂ ಹೀಗೆ ಅರ್ಧ ನೋಟ ಹೋದವರಿಗೆ ಸಾಮಾನ್ಯವಾಗಿ ಕಾರು ಓಡಿಸಲು ಬಿಡುವುದಿಲ್ಲ. ಪಿ.ಬಿ. ರೋಡಿನಲ್ಲಿ ಎಡಗಡೆಯಿಂದ ಆಟೋ ನುಗ್ಗಿದರೆ?

ಗುಣ ಆಗುವುದಿದ್ದರೆ ಮೊದಲ ಮೂರು ತಿಂಗಳಲ್ಲೇ ಜಾಸ್ತಿ. ಇನ್ನೂ ಐದು ವಾರ ಆಗಿದೆ ಅಷ್ಟೇ. ಪೂರ್ತಿ ಬರುತ್ತದೆ ಅಂತ ಸುಳ್ಳು ಹೇಳಲಾರೆ. ಬಿಪಿ ಮಾತ್ರೆ ತಪ್ಪಿಸಬೇಡ. ಮತ್ತೆ ದಿಢೀರನೆ ನೋಟ ಹೋದರೆ, ಮಾತು ತೊದಲಿದರೆ, ಬೆಳಗಾಗಲಿ ಅಂತ ಕಾಯಬೇಡಿ. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು.

ಚಿಕ್ಕಮ್ಮ ಹೆದರಿದ್ದಾಳೆ ಅಂದೆಯಲ್ಲ, ಅವಳಿಗೆ ತಲೆನೋವಿನ ಮುಂಚೆ ಅರ್ಧ ಗಂಟೆ ಮಿಂಚಿನ ಹಾಗೆ ಅಂಕುಡೊಂಕು ಬೆಳಕು ಬಂದು ಹೋಗುವುದು ಹಳೆಯ ಮೈಗ್ರೇನಿನದು. ಆದರೂ ಒಮ್ಮೆ ಡಾಕ್ಟರಿಗೆ ತೋರಿಸಲಿ.

ಮುಂದಿನ ಭಾನುವಾರ ಫೋನನ್ನು ಅಪ್ಪಾಜಿಯ ಎಡಗಡೆ ಇಡು. ಎಲ್ಲಿದೆ ಅಂತ ಹೇಳಬೇಡ. ನಾನು ಕರೆಯುತ್ತೇನೆ, ಅವರೇ ತಿರುಗಿ ಹುಡುಕಲಿ.

ನಿನ್ನ ಮಗಳು