ಬಿಸುವಿನಿಂದ ಪತ್ತನಾಜೆ ತನಕ ಗಾಳ ಬೇಡ

ಮಾನ್ಯ ಸಂಪಾದಕರೇ,

ಮುಳ್ಳೇರಿಯ ಪೇಟೆಯಲ್ಲಿ ನನ್ನದೊಂದು ಟೈಲರ್ ಅಂಗಡಿ. ಮನೆ ಅಡೂರಿನ ಕಡೆ, ಪಯಸ್ವಿನಿ ಹೊಳೆಗೆ ಇಳಿದು ಹೋಗುವಷ್ಟು ಹತ್ತಿರ. ಹೋದ ವಾರ ನಮ್ಮ ಕಡೆಯ ಒಂದು ಕ್ಲಬ್ಬಿನ ಹುಡುಗರು ಬ್ಯಾನರ್ ಬಟ್ಟೆ ತಂದು ಅಂಚು ಹೊಲಿಸಿಕೊಂಡು ಹೋದರು. ಪ್ಲಾಸ್ಟಿಕ್ ಫ್ಲೆಕ್ಸ್ ಬೇಡ, ಪರಿಸರ ಹಾಳಾಗುತ್ತದೆ ಅಂತ ಬಟ್ಟೆಯಲ್ಲೇ ಬರೆಸಿದ್ದಾರೆ. ಒಳ್ಳೆಯ ಹುಡುಗರೇ. ಹೊಲಿಯುತ್ತಾ ಹೊಲಿಯುತ್ತಾ ಓದಿದೆ. ಮೇ ತಿಂಗಳ ಮೊದಲ ಭಾನುವಾರ ಹೊಳೆಯಲ್ಲಿ ಗಾಳ ಹಾಕುವ ಸ್ಪರ್ಧೆ. ಬೆಳಿಗ್ಗೆ 11ರಿಂದ ಮಧ್ಯಾಹ್ನ 3ರ ತನಕ. ಹಿಡಿದ ಮೀನನ್ನು ತೂಕ ಮಾಡಿ ಜೀವಂತವಾಗಿ ಹೊಳೆಗೆ ಬಿಡಲಾಗುವುದು.

ಆ ಕೊನೆಯ ಸಾಲಿಗಾಗಿ ಈ ಪತ್ರ.

ಮೊದಲೇ ಹೇಳುತ್ತೇನೆ, ನಾನು ಮೀನು ತಿನ್ನದವನಲ್ಲ, ಗಾಳ ಹಾಕದವನೂ ಅಲ್ಲ. ಎಂಟು ವರ್ಷದವನಿದ್ದಾಗ ಅಜ್ಜ ಬಿದಿರ ಕೋಲು ಕೊಟ್ಟದ್ದು. ಈಗ ಐವತ್ತೇಳು. ಎರೆಹುಳ ಚುಚ್ಚಿ ಕೂತರೆ ಹೆಂಡತಿ ಮೂರು ಸಲ ಕರೆದರೂ ಕೇಳಿಸುವುದಿಲ್ಲ. ಹಾಗಾಗಿ ಇದು ಹೊರಗಿನವನ ಉಪದೇಶ ಅಂತ ಯಾರೂ ತಿಳಿಯಬೇಡಿ.

ಹೊಳೆ ಅಂದರೆ ಮಳೆಗಾಲದ ಹೊಳೆ ಕಣ್ಣ ಮುಂದೆ ಬರುತ್ತದೆ. ಕೊಡಗಿನ ಬೆಟ್ಟದಲ್ಲಿ ಹುಟ್ಟಿ, ಸುಳ್ಯ ದಾಟಿ ನಮ್ಮಲ್ಲಿಗೆ ಬರುವ ಪಯಸ್ವಿನಿ, ಕಾಸರಗೋಡಿನ ಹತ್ತಿರ ಚಂದ್ರಗಿರಿ ಅನ್ನಿಸಿಕೊಂಡು ಕಡಲು ಸೇರುತ್ತದೆ. ಆದರೆ ಏಪ್ರಿಲ್ ನಡುವಿನ ಬಿಸು ಹಬ್ಬ ಕಳೆಯುವ ಹೊತ್ತಿಗೆ ಅದು ಹೊಳೆಯೇ ಅಲ್ಲ. ಬರೀ ಬಂಡೆ, ಮರಳು, ಅಲ್ಲೊಂದು ಇಲ್ಲೊಂದು ಕಯ, ಅಂದರೆ ನೀರು ನಿಂತ ಗುಂಡಿ. ಕಯದಿಂದ ಕಯಕ್ಕೆ ನೂಲಿನಷ್ಟು ನೀರು ಹರಿದರೆ ಹೆಚ್ಚು. ಮೈಲು ಉದ್ದದ ಹೊಳೆಯ ಮೀನೆಲ್ಲ ಆಗ ಆ ನಾಲ್ಕು ಗುಂಡಿಯೊಳಗೆ. ಗಾಳ ಹಾಕುವವನಿಗೆ ಇದಕ್ಕಿಂತ ಸುಲಭ ಬೇರೆ ಉಂಟಾ? ನನ್ನ ಜೀವಮಾನದ ದೊಡ್ಡ ಮೀನುಗಳೆಲ್ಲ ಏಪ್ರಿಲ್ ತಿಂಗಳಲ್ಲೇ ಸಿಕ್ಕಿದ್ದು. ಅದನ್ನು ನನ್ನ ಕೈಚಳಕ ಅಂತಲೇ ತುಂಬಾ ವರ್ಷ ನಂಬಿಕೊಂಡಿದ್ದೆ.

ನೀರು ಕಡಿಮೆಯಾಗುವುದಕ್ಕೆ ಬಿಸಿಲನ್ನು ಮಾತ್ರ ದೂರುವಂತಿಲ್ಲ. ಎರಡೂ ದಡದ ತೋಟಗಳ ಪಂಪು ಹೊಳೆಗೆ ಬಾಯಿ ಹಾಕಿಕೊಂಡಿವೆ. ನನ್ನದೂ ಒಂದು ಉಂಟು, ಇನ್ನೂರು ಅಡಿಕೆ ಮರಕ್ಕೆ. ಹಿಂದೆ ಊರಿನವರು ಸೇರಿ ಕಲ್ಲು, ಮಣ್ಣು, ಸೊಪ್ಪು ಹಾಕಿ ಕಟ್ಟ ಕಟ್ಟುತ್ತಿದ್ದರು. ಏತಡ್ಕದ ಕಡೆಯ ಕಟ್ಟಗಳ ಬಗ್ಗೆ ಪತ್ರಿಕೆಗಳಲ್ಲೇ ಎಷ್ಟೋ ಸಲ ಬಂದಿದೆ. ಕಟ್ಟ ಇದ್ದರೆ ತೋಟಕ್ಕೂ ನೀರು, ಮೀನಿಗೂ ನೆಲೆ. ನಮ್ಮ ಕಡೆ ಅದು ನಿಂತು ಹೋಗಿ ಎಷ್ಟೋ ಕಾಲ ಆಯಿತು. ಆ ವಿಷಯ ಇಲ್ಲಿಗೆ ಬಿಡುತ್ತೇನೆ, ಇಲ್ಲದಿದ್ದರೆ ಪತ್ರ ಎಲ್ಲೆಲ್ಲಿಗೋ ಹೋಗುತ್ತದೆ.

ಹೋದ ವರ್ಷದ ಮಾತು. ಬೆಂಗಳೂರಿನಲ್ಲಿ ಕೆಲಸ ಮಾಡುವ ಅಕ್ಕನ ಮಗ ಬಿಸುವಿನ ರಜೆಗೆ ಬಂದಿದ್ದ. ಅವನ ಹತ್ತಿರ ರೀಲು ಇರುವ ಕೋಲು, ಪ್ಲಾಸ್ಟಿಕ್ ಮೀನು, ಕಣ್ಣಿಗೆ ಕಪ್ಪು ಕನ್ನಡಕ. ಅವನು ಹಿಡಿದ ಮೀನು ತಿನ್ನುವುದಿಲ್ಲ. ಫೋಟೋ ತೆಗೆದು ಬಿಡುತ್ತಾನೆ. ನನಗೆ ಅದು ವಿಚಿತ್ರ ಅನ್ನಿಸಿದರೂ ಒಳ್ಳೆಯದೇ ಅಲ್ವಾ ಅಂತ ಸುಮ್ಮನಿದ್ದೆ. ಮಧ್ಯಾಹ್ನ ಎರಡು ಗಂಟೆಯ ಹೊತ್ತು. ದೊಡ್ಡ ಕಯದಲ್ಲಿ ಒಂದು ಪೆರುವೊಲು ಮೀನು ಕಚ್ಚಿತು. ಮೊಳದುದ್ದದ್ದು, ಬಂಗಾರದ ಬಣ್ಣದ ಹುರುಪೆ. ಎಳೆದಾಡಿ ದಡಕ್ಕೆ ತರುವಾಗ ಹತ್ತು ನಿಮಿಷ. ಬಂಡೆಯ ಮೇಲೆ ಮಲಗಿಸಿ ಒಂದು ಫೋಟೋ, ಕೈಯಲ್ಲಿ ಹಿಡಿದು ಒಂದು, ನನ್ನ ಜೊತೆ ಒಂದು. ಆ ಬಂಡೆಯ ಮೇಲೆ ನಮಗೇ ಬರಿಗಾಲಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ಆಮೇಲೆ ನೀರಿಗೆ ಬಿಟ್ಟ. ಒಂದು ಗಳಿಗೆ ಹಾಗೇ ಇತ್ತು, ಮತ್ತೆ ಬಾಲ ಬೀಸಿ ಕೆಳಗೆ ಹೋಯಿತು. ಹುಡುಗನಿಗೆ ಖುಷಿ. ನನಗೂ.

ಮರುದಿನ ಬೆಳಿಗ್ಗೆ ಹಲ್ಲುಜ್ಜುತ್ತಾ ಇಳಿದು ಹೋದರೆ ಕಯದ ಬಾಲದಲ್ಲಿ ಹೊಟ್ಟೆ ಮೇಲೆ ಮಾಡಿಕೊಂಡು ಬಿದ್ದಿದೆ. ಅದೇ ಮೀನು. ಎಡ ತುಟಿಯಲ್ಲಿ ಗಾಳದ ಗಾಯ, ಪಕ್ಕೆಯಲ್ಲಿ ಬಂಡೆಗೆ ಉಜ್ಜಿ ಹುರುಪೆ ಎದ್ದ ಜಾಗ. ತಿನ್ನುವ ಹಾಗೂ ಇರಲಿಲ್ಲ. ಇಷ್ಟು ವರ್ಷ ಮೀನು ಕೊಂದಿದ್ದೇನೆ, ಆ ದಿನ ಆದಷ್ಟು ಬೇಸರ ಯಾವತ್ತೂ ಆಗಿರಲಿಲ್ಲ. ತಿಂದಿದ್ದರೆ ಏನೋ ಒಂದು ಲೆಕ್ಕ ಇತ್ತು.

ಹುಡುಗ ಫೋನಿನಲ್ಲಿ ಹುಡುಕಿ ಕಾರಣ ಹೇಳಿದ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 20 ಡಿಗ್ರಿಯ ಒಂದು ಲೀಟರ್ ನೀರು ಹೆಚ್ಚೆಂದರೆ 9 ಮಿಲಿಗ್ರಾಂ ಹಿಡಿದರೆ, 30 ಡಿಗ್ರಿಯದ್ದು ಏಳೂವರೆ. ಇನ್ನೊಂದು ಕಡೆ, ಮೀನು ತಣ್ಣನೆ ರಕ್ತದ ಜೀವಿ. ನೀರು ಬಿಸಿಯಾದರೆ ಅದರ ಮೈ ಬಿಸಿ, ಉಸಿರಿನ ಅಗತ್ಯ ಜಾಸ್ತಿ. ಬೇಕಾದ್ದು ಜಾಸ್ತಿ, ಸಿಗುವುದು ಕಡಿಮೆ. ಅಂಥ ಹೊತ್ತಿನಲ್ಲಿ ಹತ್ತು ನಿಮಿಷ ಗಾಳದಲ್ಲಿ ಜಗ್ಗಾಡಿದರೆ ಮೈಯೆಲ್ಲ ಸೋತು ಹೋಗುತ್ತದೆ. ಮೇಲಿಂದ ಕಿವಿರು ಗಾಳಿಗೆ ಒಣಗುತ್ತದೆ. ಬಿಟ್ಟಾಗ ಈಜಿ ಹೋದದ್ದನ್ನು ನಾವು ನೋಡುತ್ತೇವೆ. ರಾತ್ರಿ ಸತ್ತದ್ದನ್ನು ನೋಡುವುದಿಲ್ಲ.

ಅಮೆರಿಕದ ಮೊಂಟಾನಾದಲ್ಲಿ ಇದಕ್ಕೆ ನಿಯಮವೇ ಉಂಟಂತೆ. ಹೊಳೆಯ ನೀರು ಸತತ ಮೂರು ದಿನ 73 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 23 ಡಿಗ್ರಿ, ಮಧ್ಯಾಹ್ನ 2ರಿಂದ ನಡುರಾತ್ರಿ ತನಕ ಗಾಳ ಹಾಕುವುದನ್ನು ನಿಲ್ಲಿಸುತ್ತಾರೆ. ಅದಕ್ಕೆ 'ಹೂಟ್ ಔಲ್' ಅಂತ ಗೂಬೆಯ ಹೆಸರು. ಹಿಂದೆ ಕಾಡಿನಲ್ಲಿ ಮರ ಕಡಿಯುವವರು ಬೇಸಿಗೆಯಲ್ಲಿ ಗೂಬೆ ಕೂಗುವ ಹೊತ್ತಿಗೇ ಕೆಲಸ ಶುರು ಮಾಡಿ ಬಿಸಿಲೇರುವ ಮೊದಲು ಮುಗಿಸುತ್ತಿದ್ದರಂತೆ, ಅದರಿಂದ ಬಂದ ಹೆಸರು. ಅಲ್ಲಿನದು ಟ್ರೌಟ್, ಚಳಿ ನೀರಿನ ಮೀನು. ಅದರ 23 ಡಿಗ್ರಿಯನ್ನು ತಂದು ನಮ್ಮ ಮೀನಿನ ಮೇಲೆ ಹೇರಿದರೆ ತಪ್ಪಾಗುತ್ತದೆ. ನಮ್ಮ ಹೊಳೆ ಬೇಸಿಗೆಯಲ್ಲಿ ಬೆಳಿಗ್ಗೆಯೇ ಅದಕ್ಕಿಂತ ಬಿಸಿ. ಕಾಸರಗೋಡಿನಿಂದ ಅಕ್ವೇರಿಯಮ್ಮಿಗೆ ಹಾಕುವ ಥರ್ಮಾಮೀಟರ್ ತಂದು ನಾನೇ ನೋಡಿದ್ದೇನೆ. ಮೇ ಮೊದಲ ವಾರ ಬೆಳಿಗ್ಗೆ ಆರಕ್ಕೆ 27, ಮಧ್ಯಾಹ್ನ ಎರಡಕ್ಕೆ ಮೊಣಕಾಲುದ್ದ ನೀರಿನಲ್ಲಿ 33. ಸ್ನಾನಕ್ಕೆ ಕಾಯಿಸಿಟ್ಟ ಹಾಗೆ.

ಮಡೆಂಜಿ, ಮುಗುಡು ಮೀನುಗಳು ಇಂಥ ಬಿಸಿಯನ್ನೆಲ್ಲ ತಡೆದುಕೊಳ್ಳುತ್ತವೆ. ಮೇಲೆ ಬಂದು ಬಾಯಿ ತೆರೆದು ಗಾಳಿಯನ್ನೇ ನುಂಗುವ ಜಾತಿ ಅವು. ಪೆರುವೊಲಿಗೆ ಆ ವಿದ್ಯೆ ಇಲ್ಲ. ಅದಕ್ಕೆ ಹರಿಯುವ ನೀರು ಬೇಕು.

ಹಾಗಾದರೆ ಬೆಳಗ್ಗಿನ ತಂಪಿನಲ್ಲಿ ಸ್ಪರ್ಧೆ ಇಟ್ಟರಾಯಿತಲ್ಲ ಅಂತ ಕ್ಲಬ್ಬಿನ ಹುಡುಗನೊಬ್ಬ ಕೇಳಿದ. ನಾನೂ ಮೊದಲು ಹಾಗೇ ಎಣಿಸಿದ್ದೆ. ಆದರೆ ನಿಂತ ನೀರಿನ ಕಯದಲ್ಲಿ ಪಾಚಿ ಉಂಟು. ಹಗಲು ಬಿಸಿಲಿಗೆ ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿಯಿಡೀ ಅದೂ ಎಳೆದುಕೊಳ್ಳುತ್ತದೆ. ಬೆಳಗಿನ ಜಾವಕ್ಕೆ ನೀರು ತಂಪಾಗಿದ್ದರೂ ಉಸಿರು ಅತಿ ಕಡಿಮೆ ಇರುವುದು ಆಗಲೇ. ಅಮೆರಿಕದ ಹರಿಯುವ ಹೊಳೆಗೆ ಸರಿಹೋಗುವ ಗೂಬೆಯ ಲೆಕ್ಕ ನಮ್ಮ ಕಯಕ್ಕೆ ಸರಿಹೋಗುವುದಿಲ್ಲ. ಇಲ್ಲಿ ಗಂಟೆ ಬದಲಿಸಿದರೆ ಸಾಲದು, ತಿಂಗಳನ್ನೇ ಬದಲಿಸಬೇಕು.

ಮತ್ತೊಂದು ಮಾತು. ಬೇಸಿಗೆಯಲ್ಲಿ ಮಧ್ಯಾಹ್ನ 12ರಿಂದ 3ರ ತನಕ ಬಿಸಿಲಲ್ಲಿ ಕೂಲಿಯವರನ್ನು ದುಡಿಸಬಾರದು ಅಂತ ಕೇರಳದಲ್ಲಿ ಆದೇಶ ಬರುತ್ತದೆ. ಅದೇ ಹೊತ್ತಿಗೆ ನಮ್ಮ ಮಕ್ಕಳನ್ನು ಬಂಡೆಯ ಮೇಲೆ ಕೂರಿಸಿ ಗಾಳ ಹಿಡಿಸುತ್ತೇವಲ್ಲ, ಎಂತ ಮಾರಾಯ್ರೆ!

ಸ್ಪರ್ಧೆಗಿಂತ ಕೆಟ್ಟದ್ದು ಹೊಳೆಯಲ್ಲಿ ನಡೆಯುತ್ತದೆ, ನನಗೆ ಗೊತ್ತುಂಟು. ಬೇಸಿಗೆಯ ಕಯಕ್ಕೆ ಮೀನಿಗೆ ವಿಷವಾಗುವ ಕಾರೆಕಾಯಿ ಜಜ್ಜಿ ಹಾಕುವವರು ಹಿಂದೆಯೂ ಇದ್ದರು. ಈಗ ಬ್ಲೀಚಿಂಗ್ ಪೌಡರ್, ಸಿಡಿಮದ್ದಿನ ತೋಟೆ, ಕರೆಂಟು. ಇದೆಲ್ಲ ಕೇರಳದ 2010ರ ಒಳನಾಡು ಮೀನುಗಾರಿಕೆ ಕಾನೂನಿನಲ್ಲಿ ಅಪರಾಧ. ಅವರಿಗೆ ನಾನು ಪತ್ರ ಬರೆದು ಪ್ರಯೋಜನವಿಲ್ಲ, ಅವರು ಪತ್ರಿಕೆ ಓದುವುದು ಮೀನು ಕಟ್ಟುವಾಗ ಮಾತ್ರ. ಕ್ಲಬ್ಬಿನ ಹುಡುಗರು ಓದುತ್ತಾರೆ, ಅದಕ್ಕೆ ಅವರಿಗೆ ಬರೆಯುತ್ತಿದ್ದೇನೆ.

ಊಟಕ್ಕೆ ಅಂತ ಎರಡು ಮೀನು ಹಿಡಿಯುವವರ ಮಾತೇನು? ಅವರನ್ನು ದೂರಲು ನನ್ನ ಬಾಯಿ ಬರುವುದಿಲ್ಲ. ಆದರೆ ಒಂದು ಲೆಕ್ಕ ನೋಡಿ. ಏಪ್ರಿಲ್, ಮೇ ತಿಂಗಳಲ್ಲಿ ಕಡಲು ತೆರೆದೇ ಇರುತ್ತದೆ. ಬೆಳಿಗ್ಗೆ ಸ್ಕೂಟರಿನವನು ಹಾರ್ನ್ ಹೊಡೆದುಕೊಂಡು ಬೂತಾಯಿ, ಬಂಗುಡೆ ಮನೆ ಬಾಗಿಲಿಗೆ ತರುತ್ತಾನೆ. ಕಡಲಿನ ಟ್ರಾಲ್ ದೋಣಿಗಳು ನಿಲ್ಲುವುದು ಜೂನ್ 9ರ ನಡುರಾತ್ರಿಯಿಂದ ಜುಲೈ 31ರ ತನಕ, 52 ದಿನ. ತಲಪಾಡಿ ದಾಟಿದರೆ ಕರ್ನಾಟಕದಲ್ಲಿ ಜೂನ್ 1ರಿಂದಲೇ, 61 ದಿನ. ಹೊಳೆಯಲ್ಲಿ ನೀರಿಲ್ಲದಾಗ ಕಡಲಲ್ಲಿ ಮೀನುಂಟು. ಕಡಲಿನ ದೋಣಿಗೆ ಅಷ್ಟು ದಿನ ರಜೆ ಕೊಡುವವರು ನಾವು, ಹೊಳೆಗೆ ನಲ್ವತ್ತು ದಿನ ಕೊಡಲಾರೆವಾ?

ನಲ್ವತ್ತು ದಿನ ಅಂದದ್ದು ಯಾಕೆಂದರೆ, ಬಿಸುವಿನಿಂದ ಪತ್ತನಾಜೆಗೆ ಹೆಚ್ಚುಕಡಿಮೆ ಅಷ್ಟೇ. ಏಪ್ರಿಲ್ ನಡುವಿನಿಂದ ಮೇ 24ರ ತನಕ. ಪತ್ತನಾಜೆಗೆ ಭೂತಕೋಲ ನಿಲ್ಲುತ್ತದೆ, ಯಕ್ಷಗಾನದ ಆಟದವರು ಗೆಜ್ಜೆ ಬಿಚ್ಚುತ್ತಾರೆ. ತಾರೀಕನ್ನು ಯಾರೂ ನೆನಪಿಸಬೇಕಾಗಿಲ್ಲ, ಊರಿಗೆಲ್ಲ ಗೊತ್ತು. ಆ ಹೊತ್ತಿಗೆ ಒಂದೆರಡು ಮಳೆಯೂ ಬಿದ್ದಿರುತ್ತದೆ. ಕಯದಲ್ಲಿ ಬದುಕಿ ಉಳಿದ ಮೀನೇ ಜೂನಿನ ಹೊಸ ನೀರಿಗೆ ಎದುರಾಗಿ ಏರಿ (ಅದಕ್ಕೇ ಉಬರ್ ಅನ್ನುವುದು) ತೋಡು, ಗದ್ದೆಗೆ ಬಂದು ಮೊಟ್ಟೆ ಇಡುವುದು. ಉಬರಿನಲ್ಲಿ ಮೀನು ಹಿಡಿಯುವುದೂ ತಪ್ಪೇ, ಆದರೆ ಅದಕ್ಕೆ ಇನ್ನೊಂದು ಪತ್ರ ಬೇಕು.

ನಮ್ಮವರಿಗೆ ಮೀನನ್ನು ಬಿಟ್ಟು ಗೊತ್ತೇ ಇಲ್ಲ ಅಂತಲ್ಲ. ಗಡಿಯಾಚೆ ತೊಡಿಕಾನದ ಮಲ್ಲಿಕಾರ್ಜುನ ದೇವಸ್ಥಾನದ ಹತ್ತಿರದ ಹೊಳೆಯಲ್ಲಿ ಇದೇ ಪೆರುವೊಲು ಗುಂಪುಗುಂಪಾಗಿ ಉಂಟು. ದೇವರ ಮೀನು ಅಂತ ಅಕ್ಕಿ ಹಾಕುತ್ತೇವೆ, ಕೈ ಮುಗಿಯುತ್ತೇವೆ. ಅದೇ ಮೀನು ನಮ್ಮ ಕಯದಲ್ಲಿ ಸಿಕ್ಕಿದರೆ ಫೋಟೋ.

ಕ್ಲಬ್ಬಿನವರಲ್ಲಿ ನನ್ನ ಕೋರಿಕೆ ಇಷ್ಟೆ. ಸ್ಪರ್ಧೆಯನ್ನು ಡಿಸೆಂಬರಿಗೆ ಹಾಕಿ. ಆಗ ಹೊಳೆ ಹರಿಯುತ್ತಿರುತ್ತದೆ, ನೀರು ತಂಪು, ಕೂರುವವರಿಗೂ ಸುಖ. ಮೀನು ಸಿಗುವುದು ಕಷ್ಟ, ನಿಜ. ಸ್ಪರ್ಧೆ ಅಂದಮೇಲೆ ಸ್ವಲ್ಪ ಕಷ್ಟ ಇರಲಿ. ನಾನೂ ಹೆಸರು ಕೊಡುತ್ತೇನೆ, ಬಿದಿರ ಕೋಲಿನಲ್ಲೇ. ಬ್ಯಾನರಿನಲ್ಲಿ ತಾರೀಕು ಬರೆದ ಜಾಗಕ್ಕೆ ಒಂದು ತುಂಡು ಬಟ್ಟೆ ಹೊಲಿದು ಕೊಡುತ್ತೇನೆ. ಅದಕ್ಕೆ ದುಡ್ಡು ಬೇಡ.

ಇತಿ,
ಪಯಸ್ವಿನಿ ದಡದ ಒಬ್ಬ ಟೈಲರ್
ಮುಳ್ಳೇರಿಯ, ಕಾಸರಗೋಡು ಜಿಲ್ಲೆ