ವೈವಾ ಮುಗಿಯಿತು, ಥ್ಯಾಂಕ್ಸ್ ಬಾಕಿ ಇತ್ತು

ಮೊನ್ನೆ ಶುಕ್ರವಾರ ನನ್ನ ಪಿಎಚ್.ಡಿ. ವೈವಾ, ಅಂದರೆ ಥೀಸಿಸ್ ಮೇಲಿನ ಮೌಖಿಕ ಪರೀಕ್ಷೆ, ಮುಗಿಯಿತು. ಥೀಸಿಸ್ಸಿನ ಮೊದಲ ಪುಟದಲ್ಲಿ ಗೈಡ್, ಲೈಬ್ರರಿಯವರು, ಮನೆಯವರು ಎಲ್ಲರಿಗೂ ವಂದನೆ ಹೇಳಿಯಾಗಿದೆ. ಆದರೆ ನಾನು ಮೊದಲು ನೆನೆಯಬೇಕಾದವರು ನಮ್ಮ ತಾಲ್ಲೂಕು ಆಸ್ಪತ್ರೆಯ ಡಯಾಲಿಸಿಸ್ ರೂಮಿನಲ್ಲಿದ್ದಾರೆ. ಅವರ ಮಕ್ಕಳು ಯಾರಾದರೂ ಇದನ್ನು ಫೋನಿನಲ್ಲಿ ಓದಿ ಹೇಳುತ್ತಾರೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ವಿಷಯ ಇಷ್ಟೇ. ವರ್ಷಗಟ್ಟಲೆ ಬಿಡದ ಕಾಯಿಲೆಯವರಿಗೆ ಸುತ್ತಲಿನವರ ಆಸರೆ ಎಷ್ಟಿದೆ, ಅದಕ್ಕೂ ಅವರ ಮನಸ್ಸಿನ ನೆಮ್ಮದಿಗೂ ಏನು ನಂಟು ಅನ್ನುವುದು. ಆಸರೆಯನ್ನು ಅಳೆಯಲು ಮನಶ್ಶಾಸ್ತ್ರಜ್ಞ ಗ್ರೆಗರಿ ಜಿಮೆಟ್ ಮತ್ತು ಜೊತೆಯವರು 1988ರಲ್ಲಿ ಕೊಟ್ಟ 12 ಸಾಲಿನ ಪಟ್ಟಿ ಇದೆ. ಮನೆಯವರು, ಗೆಳೆಯರು, ಮತ್ತೆ ಒಬ್ಬ ‘ವಿಶೇಷ ವ್ಯಕ್ತಿ’, ಇವರಿಂದ ಎಷ್ಟು ಆಸರೆ ಸಿಗುತ್ತದೆ ಅಂತ ಅದು ಕೇಳುತ್ತದೆ. ಪ್ರತಿ ಸಾಲಿಗೂ 1ರಿಂದ 7ರೊಳಗೆ ಅಂಕ. ಮೊದಲ ದಿನವೇ ಒಬ್ಬ ಅಜ್ಜಿಯನ್ನು, ಕಷ್ಟಕ್ಕೆ ಆಗುವ ವಿಶೇಷ ವ್ಯಕ್ತಿ ಇದ್ದಾರಾ ಅಂತ ಕೇಳಿದೆ. ‘ಈ ವಯಸ್ಸಲ್ಲಿ ಅಂಥವರೆಲ್ಲ ಯಾಕವ್ವ ನಂಗೆ!’ ಅಂದರು, ಇಡೀ ರೂಮು ನಕ್ಕಿತು. ಆಮೇಲೆ ಅವರೇ, ‘ಕಂಡಕ್ಟರ್ ಒಬ್ಬವ್ನೆ, ನಾನು ಬರೋದು ತಡ ಆದ್ರೆ ಬಸ್ ನಿಲ್ಲಿಸ್ಕೊಂಡಿರ್ತಾನೆ, ಅವನ್ನ ಬರ್ಕೋ’ ಅಂದರು. ಬರೆದುಕೊಂಡೆ. ಅವನನ್ನು ಯಾವ ಕಾಲಮ್ಮಿಗೆ ಹಾಕುವುದು ಅಂತ ಒಂದು ವಾರ ಒದ್ದಾಡಿದೆ.

ವಾರಕ್ಕೆ ಎರಡು ಮೂರು ಸಲ, ಸಲಕ್ಕೆ ನಾಲ್ಕು ಗಂಟೆ, ಸೂಜಿ ಹಾಕಿದ ಕೈ ಅಲ್ಲಾಡಿಸದೆ ಮಲಗಿರಬೇಕು, ಅದರ ಮಧ್ಯೆ ನನ್ನ ಪ್ರಶ್ನೆಗಳು ಬೇರೆ. ಒಬ್ಬ ಮೇಷ್ಟ್ರು ಮಾತ್ರ ಬೈದರು. ‘ಮನೆಯವರು ಸಹಾಯ ಮಾಡ್ತಾರಾ ಅಂತ ಕೇಳ್ತೀಯಲ್ಲ, ಆ ಸಹಾಯ ನನಗೆ ಹೇಗನ್ನಿಸುತ್ತೆ ಅಂತ ಕೇಳಿದ್ಯಾ?’ ಕಿಡ್ನಿ ಕಾಯಿಲೆ ಅಂತ ಅವರಿಗೆ ದಿನಕ್ಕೆ ಇಷ್ಟೇ ನೀರು ಅಂತ ಡಾಕ್ಟರ್ ಹೇಳಿದ್ದರು. ಸೊಸೆ ಪ್ರೀತಿಯಿಂದಲೇ ಅಳೆದು ಕೊಡುತ್ತಿದ್ದರು. ಆದರೆ ನೆಂಟರ ಮುಂದೆ ‘ಮಾವ, ಇವತ್ತಿಂದು ಮುಗೀತು’ ಅಂದರೆ ಹೇಗಿರುತ್ತದೆ ಹೇಳಿ.

ನಿಯಾಲ್ ಬೋಲ್ಗರ್ ಮತ್ತು ಇನ್ನಿಬ್ಬರು 2000ದಲ್ಲಿ ಬರೆದ ಒಂದು ಅಧ್ಯಯನ ನಾನು ಮೊದಲೇ ಓದಿದ್ದೆ. ನ್ಯೂಯಾರ್ಕಿನಲ್ಲಿ ವಕೀಲಿ ಪರೀಕ್ಷೆಗೆ ಕೂತವರು ಮತ್ತು ಅವರ ಸಂಗಾತಿಗಳು ದಿನದಿನವೂ ಬರೆದಿಟ್ಟ ದಿನಚರಿಯ ಮೇಲೆ ಅದು ನಿಂತಿದೆ. ಸಿಕ್ಕಿತು ಅಂತ ಗೊತ್ತೇ ಆಗದ ಸಹಾಯ ಮನಸ್ಸನ್ನು ಹಗುರ ಮಾಡಿತ್ತು, ಗೊತ್ತಾದ ಸಹಾಯ ಎಷ್ಟೋ ಸಲ ಭಾರವೇ ಆಗಿತ್ತು. ಓದಿದ್ದು ಯಾವಾಗಲೋ, ತಲೆಗೆ ಹೋಗಿದ್ದು ಮೇಷ್ಟ್ರು ಬೈದ ದಿನ. ನನ್ನ ನಾಲ್ಕನೇ ಅಧ್ಯಾಯ ಅವರದ್ದೇ. ಈಗ ಸೊಸೆ ಬೆಳಗ್ಗೆಯೇ ಅಳತೆಯ ಬಾಟಲಿ ತುಂಬಿಸಿ ಕುರ್ಚಿ ಪಕ್ಕ ಇಟ್ಟು ಸುಮ್ನೆ ಹೋಗುತ್ತಾರಂತೆ.

ವೈವಾದಲ್ಲಿ ಒಬ್ಬರು, ಆಸರೆಯಿಂದಲೇ ನೆಮ್ಮದಿ ಬಂತು ಅನ್ನುವುದಕ್ಕೆ ಏನು ಆಧಾರ, ನೆಮ್ಮದಿಯಾಗಿರುವವರಿಗೇ ಆಸರೆ ಜಾಸ್ತಿ ಕಾಣಿಸಿರಬಹುದಲ್ವಾ ಅಂತ ಕೇಳಿದರು. ಹೌದು ಸರ್, ನನ್ನ ಲೆಕ್ಕದಿಂದ ಅದನ್ನು ಬಿಡಿಸಲು ಆಗುವುದಿಲ್ಲ ಅಂದೆ. ಸುಳ್ಳು ಹೇಳಿದ್ದರೆ ಅಜ್ಜಿ ಬಿಡುತ್ತಿರಲಿಲ್ಲ.

ಬೆಡ್ ಖಾಲಿಯಾದಾಗೆಲ್ಲ ನನಗೆ ಕೂರಲು ಸ್ಟೂಲ್ ತಂದುಕೊಟ್ಟ ಟೆಕ್ನಿಷಿಯನ್ ಅಣ್ಣನಿಗೆ, ಸಿಸ್ಟರ್‌ಗಳಿಗೆ ಥ್ಯಾಂಕ್ಸ್. ಅರ್ಧಕ್ಕೇ ನಿಂತ ಮೂರು ಹಾಳೆಗಳು ನನ್ನ ಹತ್ತಿರ ಇವೆ. ಮುಂದಿನ ವಾರ ಮುಗಿಸೋಣ ಅಂದಿದ್ದರು ಆ ಮೂವರೂ. ಅವು ಲೆಕ್ಕಕ್ಕೆ ಬರಲಿಲ್ಲ, ಬಿಸಾಡಿಲ್ಲ.

ಗುರುವಾರ ಬೆಳಗಿನ ಶಿಫ್ಟಿಗೆ ಬರುತ್ತೇನೆ. ಬಾಳೆಹಣ್ಣು, ಎಳನೀರು ನಿಮಗೆ ಆಗುವುದಿಲ್ಲ, ಗೊತ್ತು. ಮಂಡಕ್ಕಿ ಒಗ್ಗರಣೆ ತರುತ್ತೇನೆ, ಉಪ್ಪು ಕಮ್ಮಿ. ಕಂಡಕ್ಟರಿಗೂ ಒಂದು ಪೊಟ್ಟಣ ಇದೆ ಅಜ್ಜಿ, ನೀವೇ ಕೊಡಿ.