ಬರ್ತೀನಿ ಅನ್ನೋ ಮುಂಚೆ

ಪುಟ್ಟೀ,

ನಿನ್ನ ಮೇಲ್ ಮೊನ್ನೆ ರಾತ್ರಿನೇ ಓದ್ದೆ ಕಣೆ, ಉತ್ತರ ಬರೆಯಕ್ಕೆ ಎರಡು ದಿನ ಹಿಡೀತು. ನನ್ನ ಮಂಡಿ ನೋವು, ಬೋರ್‌ವೆಲ್ ಪುರಾಣ ಎಲ್ಲ ನಿಮ್ಮಮ್ಮ ಫೋನಲ್ಲಿ ಹೇಳಿರ್ತಾಳೆ, ಅದು ಬೇಡ. ಆ ಚಪ್ಪಲಿ ವಿಷಯ ಬರೆದಿದ್ಯಲ್ಲ, ಅದು ತಲೇಲಿ ಕೂತ್ಬಿಟ್ಟಿದೆ. ಕೂಲಿಗೆ ಅಂತ ಊರು ಬಿಟ್ಟು ಬಂದೋರ ಮಕ್ಕಳಿಗೆ ಪಾಠ ಹೇಳೋ ನಿಮ್ಮ ಕ್ಯಾಂಪಿಂದ ನೀನು ಹೊರಡೋ ಹೊತ್ತಿಗೆ ಆ ಯಾದಗಿರಿ ಹುಡುಗಿ ನಿನ್ನ ಚಪ್ಪಲಿ ಎತ್ಕೊಂಡು ಹೋಗಿ ಇಟ್ಟಿಗೆ ರಾಶಿ ಹಿಂದೆ ಬಚ್ಚಿಟ್ಳು ಅಂತ, ಅದೂ ಒಂದೇ ಒಂದು. ಎಲ್ಲರೂ ನಕ್ರು, ನೀನೂ ನಕ್ಕೆ, ಆಮೇಲೆ ಬಸ್ಸಲ್ಲಿ ಕೂತಾಗ ಅಳು ಬಂತು ಅಂತ ಬರೆದಿದೀಯ. ಮೇ ಮುಗಿದ್ರೆ ನಾನು ಹೋಗ್ಬಿಡ್ತೀನಿ ದೊಡ್ಡಮ್ಮ, ಹಚ್ಕೊಳ್ಳೋ ಹಾಗೆ ಮಾಡಿ ಬಿಟ್ಟು ಹೋಗೋದಕ್ಕಿಂತ ನಾನು ಈ ಕ್ಯಾಂಪಿಗೆ ಬರದೇ ಇದ್ದಿದ್ರೇ ಆ ಮಗುಗೆ ಒಳ್ಳೇದಿತ್ತೇನೋ ಅಂತ.

ಛೆ ಛೆ ಹಾಗೆಲ್ಲ ಏನಿಲ್ಲ ಅಂತ ನಾಲ್ಕು ಸಾಲು ಗೀಚಿ ಕಳಿಸೋಣ ಅನ್ಕೊಂಡೆ. ಕೈ ಬರ್ಲಿಲ್ಲ. ಯಾಕಂದ್ರೆ ನಾನೂ ಒಂದ್ಸಲ ಹಂಗೆ ಬಿಟ್ಟು ಬಂದೋಳೇ, ನಿಮ್ಮಮ್ಮಂಗೂ ಇದು ಗೊತ್ತಿಲ್ಲ.

1986, ನಾನು ಬಿಎ ಎರಡನೇ ವರ್ಷ. ಎರಡು ವರ್ಷಕ್ಕೆ 240 ಗಂಟೆ ಸೇವೆ, ಜೊತೆಗೊಂದು ಕ್ಯಾಂಪು ಮುಗಿಸಿದ್ರೆ ಎನ್ನೆಸ್ಸೆಸ್, ಅಂದ್ರೆ ರಾಷ್ಟ್ರೀಯ ಸೇವಾ ಯೋಜನೆ ಸರ್ಟಿಫಿಕೇಟು, ನಾನು ಹೋಗಿದ್ದೂ ಅದಕ್ಕೇ, ಸುಳ್ಳ್ಯಾಕೆ. ಈಗ ಏಳು ದಿನ ಅಂತೆ ಕ್ಯಾಂಪು, ನಮಗೆ ಹತ್ತು. ಪಾವಗಡದ ಕಡೆ ಒಂದು ಊರು, ಬರಗಾಲ ಬೇರೆ, ಬಿಸಿಲು ಅಂದ್ರೆ ಬಿಸಿಲು. ಬೆಳಿಗ್ಗೆ ಗುದ್ದಲಿ ಹಿಡ್ಕೊಂಡು ರಸ್ತೆ ಕೆಲಸ, ಸಂಜೆ ದೇವಸ್ಥಾನದ ಜಗಲಿ ಮೇಲೆ ಮಕ್ಕಳಿಗೆ ಪಾಠ, ಹಾಡು. ಅಲ್ಲೊಬ್ಬ ಹುಡುಗ, ಹತ್ತು ವರ್ಷ ಇರ್ಬೇಕು, ಕುರಿ ಕಾಯ್ತಿದ್ದ, ಸಂಜೆ ಕುರಿ ಕೂಡಿ ಓಡಿ ಬರ್ತಿದ್ದ. ಅಕ್ಷರ ಎಲ್ಲ ಬರೋದು, ಒತ್ತಕ್ಷರ ಮಾತ್ರ ಬಾರದು, ಅಕ್ಕ ಅಂತ ಬರಿ ಅಂದ್ರೆ ಅಕ ಅಂತ ಬರೆದು ನನ್ನ ಮುಖ ನೋಡೋನು. ಕೊನೇ ದಿನ ನಾನು ಐದು ಪೋಸ್ಟ್ ಕಾರ್ಡು ತಗೊಂಡು, ಆಗ 15 ಪೈಸೆ ಒಂದಕ್ಕೆ, ಐದರ ಮೇಲೂ ನಮ್ಮನೆ ಅಡ್ರೆಸ್ ನಾನೇ ಬರೆದು ಅವನ ಕೈಗೆ ಕೊಟ್ಟೆ. ಎಂಥ ದೊಡ್ಡ ಕೆಲಸ ಮಾಡ್ದೆ ಅನ್ನಿಸಿತ್ತು ಆವತ್ತು. ಲಾರಿ ಹತ್ತಿ ಬರ್ತೀನಿ ಕಣೋ ಅಂದೆ.

ನಾಲ್ಕು ಬಂತು. ಮೊದಲನೇದಕ್ಕೆ ಉತ್ತರ ಹಾಕಿದೆ. ಎರಡನೇದು ಬಂದಾಗ ಪರೀಕ್ಷೆ, ಮೂರನೇದು ಬಂದಾಗ ಮನೇಲಿ ಗಂಡು ನೋಡೋ ಗಲಾಟೆ, ಏನೋ ಒಂದು ನೆಪ. ನಾಲ್ಕನೇದರಲ್ಲಿ ಎರಡೇ ಸಾಲು. "ಅಕ್ಕ ನೀವು ಬತ್ತೀನಿ ಅಂದಿದ್ರಿ. ಇನ್ನ ಒಂದೇ ಕಾರ್ಡು ಐತೆ." ಅಕ್ಕ ಅನ್ನೋದು ಸರಿಯಾಗಿತ್ತು ಪುಟ್ಟೀ, ಒತ್ತು ಹಾಕಿದ್ದ. ನಾನಂತೂ ಕಲಿಸಿರ್ಲಿಲ್ಲ, ಯಾರು ಕಲಿಸಿದ್ರೋ.

ಐದನೇದು ಬರ್ಲಿಲ್ಲ.

ಅದಕ್ಕೇ ನಿನ್ನ ಮೇಲ್ ಓದಿ ನಿದ್ದೆ ಬರ್ಲಿಲ್ಲ. ಬಿಟ್ಟು ಹೋಗೋದೇ ತಪ್ಪಾ ಅಂತ ಕೇಳಿದೀಯ. ನಾನು ಇಷ್ಟು ವರ್ಷ ಹಂಗೇ ಅಂದ್ಕೊಂಡಿದ್ದೆ, ಈಗ ಅನ್ಸುತ್ತೆ ತಪ್ಪಾಗಿದ್ದು ಆ ಬರ್ತೀನಿ ಅನ್ನೋ ಮಾತಲ್ಲಿ. ನಮ್ಮಲ್ಲಿ ಹೋಗ್ತೀನಿ ಅನ್ನೋ ಹಾಗೇ ಇಲ್ವಲ್ಲ, ಅಜ್ಜಿ ಬೈತಿದ್ರು, ಹೋಗ್ತೀನಿ ಅನ್ಬಾರ್ದು ಹೋಗ್ಬರ್ತೀನಿ ಅನ್ನು ಅಂತ, ಅದು ಬಾಯಲ್ಲಿ ತಾನಾಗೇ ಬಂದ್ಬಿಡುತ್ತೆ, ದೊಡ್ಡೋರು ಯಾರೂ ಅದನ್ನ ನಿಜ ಅನ್ಕೊಳ್ಳಲ್ಲ, ಮಕ್ಕಳು ಅನ್ಕೋತಾರೆ. ಎಷ್ಟು ಜನ ಅಕ್ಕ ಅಣ್ಣಂದಿರು ಟೀಶರ್ಟ್ ಹಾಕ್ಕೊಂಡು ಬಂದು ಒಂದು ತಿಂಗಳು ಹಾಡು ಹೇಳಿಸಿ ಬರ್ತೀನಿ ಅಂತ ಹೋಗಿದಾರೋ ಆ ಮಕ್ಕಳ ಹತ್ರ.

ಇನ್ನೊಂದು ಹೇಳ್ಬೇಕು, ಬೇಜಾರು ಮಾಡ್ಕೋಬೇಡ. ನೀನು ಬಿಟ್ಟು ಹೋಗ್ತೀಯ ಅಂತ ಅಷ್ಟು ಹೆದರಿದೀಯಲ್ಲ, ನಿನಗಿಂತ ಮುಂಚೆ ಅವಳೇ ಹೋಗ್ಬಹುದು. ನಾನು ಯಾದಗಿರೀಲಿ ಬ್ಯಾಂಕಲ್ಲಿ ಮೂರು ವರ್ಷ ಇದ್ನಲ್ಲ, ಆಗಿನ್ನೂ ಅದು ಗುಲ್ಬರ್ಗ ಜಿಲ್ಲೆ, ಕೂಲಿಗೆ ಅಂತ ಗುಳೆ ಹೋಗೋರನ್ನ ದಿನಾ ನೋಡ್ತಿದ್ದೆ. ಸುಗ್ಗಿ ಮುಗೀತಿದ್ದ ಹಾಗೆ ಬಸ್‌ಸ್ಟ್ಯಾಂಡ್ ತುಂಬ ಟ್ರಂಕು, ಕೊಡ, ಜೋಳದ ಚೀಲ, ಚೀಲದ ಮೇಲೆ ಮಕ್ಕಳು. ಮತ್ತೆ ರೋಹಿಣಿ ಮಳೆ ಬಿತ್ತು ಅಂತ ಊರಿಂದ ಫೋನ್ ಬಂದ್ರೆ ಸಾಕು, ತೊಗರಿ ಬಿತ್ತಬೇಕು, ಕಾರ ಹುಣ್ಣಿಮೆ ಮಾಡ್ಬೇಕು, ಒಂದೇ ರಾತ್ರೀಲಿ ಶೆಡ್ಡು ಖಾಲಿ. ಒಂದಿನ ಬೆಳಿಗ್ಗೆ ನೀನು ಹೋದ್ರೆ ಆ ಹುಡುಗಿ ಇರಲ್ಲ, ಹೇಳಕ್ಕೂ ಆಗಿರಲ್ಲ ಅದಕ್ಕೆ. ಬಿಟ್ಟು ಹೋಗೋ ಕೆಲಸ ನಿನಗಿಂತ ಅವಳಿಗೆ ಚೆನ್ನಾಗಿ ಗೊತ್ತು. ಚಪ್ಪಲಿ ಅದಕ್ಕೇ ಬಚ್ಚಿಟ್ಟಿರ್ಬೇಕು.

ಏನ್ ಮಾಡ್ಲಿ ಅಂತ ಕೇಳಿದೀಯ. ಮಕ್ಕಳಿಗೆ ಪಾಠ ಹೇಳೋಕೆ ನಾನೇನು ಟೀಚರಾ, ಜೀವಮಾನ ಎಲ್ಲ ಲೆಡ್ಜರ್ ಬರೆದೋಳು. ಆದ್ರೂ ಹೇಳ್ತೀನಿ, ಸರಿ ಕಾಣದಿದ್ರೆ ಬಿಡು. ಗೋಡೆ ಮೇಲೆ ಕ್ಯಾಲೆಂಡರ್ ಹಾಕಿ ನಿಮ್ಮ ಕೊನೇ ದಿನಕ್ಕೆ ಸುತ್ತು ಹಾಕು, ದಿನಾ ಒಂದೊಂದು ಮನೆ ಅವಳ ಕೈಲೇ ಹೊಡೆಸು. ಅಳ್ತಾಳೆ. ಅಳ್ಲಿ. ಅವಳೊಬ್ಬಳಿಗೇ ಬಳೆ ಗಿಳೆ ತರಬೇಡ. ನಿನ್ನ ನಂಬರ್ ಕೊಡೋ ಆಸೆ ಆಗುತ್ತೆ, ಅದನ್ನ ಕ್ಯಾಂಪ್ ನಡೆಸೋರನ್ನ ಕೇಳಿ ಮಾಡು, ನಾನು ಕಾರ್ಡು ಕೊಟ್ಟ ಹಾಗೆ ಮಾಡ್ಬೇಡ.

ಆಮೇಲೆ, ಇದು ನಿಜವಾಗ್ಲೂ ಉಪಯೋಗಕ್ಕೆ ಬರಬಹುದು, ಅವಳು ಎಲ್ಲೀವರೆಗೆ ಓದ್ತಾಳೆ, ಯಾವ ಲೆಕ್ಕ ಬರುತ್ತೆ, ಯಾವುದು ಬರಲ್ಲ ಅಂತ ಒಂದು ಹಾಳೇಲಿ ಬರೆದು ಅವಳ ನೋಟ್‌ಬುಕ್ಕಿಗೆ ಅಂಟಿಸು. ಯಾವ ಊರಲ್ಲಿ ಯಾವ ಮೇಷ್ಟ್ರ ಕೈಗೆ ಸಿಗುತ್ತೋ ಸಿಗ್ಲಿ. ಅವರಮ್ಮಂಗೆ ಹೇಳು, ಟಿಸಿ ಇನ್ನೂ ಬಂದಿಲ್ಲ, ವರ್ಷದ ಮಧ್ಯ ಬಂದಿದೀರ ಅಂತೆಲ್ಲ ಹೇಳಿ ಸರ್ಕಾರಿ ಶಾಲೇಲಿ ಸೇರಿಸ್ಕೊಳ್ಳದೇ ಇರೋ ಹಾಗಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೇಲಿ ಹಾಗೇ ಇದೆ ಅಂತ. ಎರಡ್ಮೂರು ಸಲ ಹೇಳು, ಒಂದು ಸಲ ಹೇಳಿದ್ರೆ ಆ ಸುಸ್ತಲ್ಲಿ ತಲೆಗೆ ಹೋಗಲ್ಲ.

ಇಷ್ಟು ಮಾಡಿದ್ರೆ ನಿನ್ನ ಭಯ ಹೋಗುತ್ತಾ? ನನಗೆ ಹಾಗೇನು ಅನ್ಸಲ್ಲ. ಬಂದಿದ್ದೇ ತಪ್ಪು ಅಂತ ಮಾತ್ರ ಬರೀಬೇಡ ಇನ್ನೊಂದ್ಸಲ, ಓದಕ್ಕಾಗಲ್ಲ ನನ್ನ ಕೈಲಿ.

ನಿನ್ನೆ ಟ್ರಂಕಿಂದ ಆ ನಾಲ್ಕು ಕಾರ್ಡು ತೆಗೆದೆ. ಇಂಕು ಮಾಸಿದೆ, ಪೆನ್ಸಿಲಲ್ಲಿ ಬರೆದಿರೋದು ಹಾಗೇ ಇದೆ. ಫೋಟೋ ತೆಗೆದು ನಿನಗೆ ಕಳಿಸೋಣ ಅಂತ ಫೋನ್ ಹಿಡ್ಕೊಂಡೆ, ಆಮೇಲೆ ಬೇಡ ಅನ್ನಿಸಿ ಅಲ್ಲೇ ಇಟ್ಟೆ.

ಕೊನೇ ದಿನ ಅವಳಿಗೆ ಏನಂತ ಹೇಳಿ ಬಂದೆ ಅಂತ ನನಗೆ ಬರಿ. ಏನೂ ಹೇಳಕ್ಕಾಗ್ದೇ ಬಂದಿದ್ರೂ ಬರಿ. ಆವತ್ತು ಚಪ್ಪಲಿ ಸಿಗದಿದ್ರೆ ಬಿಡು, ಆಟೋ ಮಾಡ್ಕೊಂಡು ಬಾ, ದುಡ್ಡು ನಾನು ಹಾಕ್ತೀನಿ.

ನಿನ್ನ
ದೊಡ್ಡಮ್ಮ